ಗಾಳಿ ಜೋರಾದ್ರೆ ಕರೆಂಟ್ ತೆಗೆಯೋದು: ಇದು ನಮ್ಮ ಸೇಫ್ಟಿಗಾ, ಅವರ ಸೇಫ್ಟಿಗಾ?

ಗುಡ್ಡದಮನೆ
ಎಲ್ರಿಗೂ ನಮಸ್ಕಾರ. ನಾವಿರೋದು ಗುಡ್ಡದ ಇಳಿಜಾರಲ್ಲಿ, ಸುತ್ತ ಮರ, ಒಣಹುಲ್ಲು. ಇವತ್ತು ಮಧ್ಯಾಹ್ನ ಕರೆಂಟ್ ಕಂಪನಿಯಿಂದ ಮೆಸೇಜ್ ಬಂತು, ನಾಳೆ ರಾತ್ರಿಯಿಂದ ಜೋರು ಒಣಗಾಳಿ ಇದೆ ಕಾಡ್ಗಿಚ್ಚಿನ ಅಪಾಯ ಇದೆ ನಿಮ್ಮ ಲೈನ್ ಆಫ್ ಮಾಡಬೇಕಾಗಬಹುದು ಅಂತ. ವಾಪಸ್ ಯಾವಾಗ ಅಂದ್ರೆ ಗಾಳಿ ನಿಂತ ಮೇಲೆ, ಲೈನ್ ಚೆಕ್ ಮಾಡಿದ ಮೇಲೆ. ಟೈಮ್ ಗೀಮ್ ಏನೂ ಹೇಳಿಲ್ಲ.

ಹೋದ ಸಲನೂ ಹಿಂಗೇ ತೆಗೆದಿದ್ರು. ಆವತ್ತು ನಮ್ಮನೆ ಮುಂದೆ ಒಂದು ಎಲೆ ಅಲ್ಲಾಡ್ಲಿಲ್ಲ ಸ್ವಾಮಿ. ಕೆಳಗಿನ ರಸ್ತೆ ಆಚೆ ಮನೆಗಳಲ್ಲಿ ಜಗಜಗ ಲೈಟು, ನಾವು ಮೇಣದಬತ್ತಿ ಹಚ್ಕೊಂಡು ಕೂತಿದ್ವಿ. ಗಾಳಿನೇ ಇಲ್ದೇ ಇರೋ ಕಡೆ ಯಾಕೆ ತೆಗೀತಾರೆ? ಬೆಂಕಿ ಬಿದ್ರೆ ಕೇಸ್ ಬೀಳುತ್ತೆ ಅಂತ ಕಂಪನಿಯೋರು ಬಚಾವಾಗೋಕೆ ಮಾಡೋ ನಾಟಕನಾ ಇದು? ಗೊತ್ತಿರೋರು ಹೇಳಿ.

ಹಳೇಫೀಡರ್
ವಿತರಣೆ ಲೈನ್‌ಗಳ ಕೆಲಸದಲ್ಲೇ ತಲೆ ಬೆಳ್ಳಗಾಗಿರೋನು ನಾನು, ಗೊತ್ತಿರೋಷ್ಟು ಹೇಳ್ತೀನಿ.

ನಿಮ್ಮನೆ ಮುಂದೆ ಗಾಳಿ ಇಲ್ಲ ಅಂದ್ರೆ ನಿಮ್ಮ ಲೈನ್‌ಗೆ ಗಾಳಿ ಇಲ್ಲ ಅಂತ ಅರ್ಥ ಅಲ್ಲ. ಸಬ್‌ಸ್ಟೇಷನ್‌ನಿಂದ ಹೊರಟ ಫೀಡರ್, ಅಂದ್ರೆ ಒಂದು ಏರಿಯಾಗೆ ಕರೆಂಟ್ ತರೋ ಮೇನ್ ಲೈನ್, ಎಷ್ಟೋ ಕಿಲೋಮೀಟರ್ ಕಾಡಲ್ಲಿ, ಗುಡ್ಡದ ನೆತ್ತಿ ಮೇಲೆ ಹಾದು ನಿಮ್ಮನೆಗೆ ಬರುತ್ತೆ. ನೆತ್ತಿ ಮೇಲೆ ಮರ ಮುರಿಯೋ ಗಾಳಿ ಇರಬಹುದು, ಕಣಿವೆಲಿ ತಣ್ಣಗಿರಬಹುದು. ಕೆಳಗಿನ ರಸ್ತೆಯವರು ಬೇರೆ ಫೀಡರ್ ಮೇಲೆ ಇರ್ತಾರೆ ಅಷ್ಟೇ. ಮಧ್ಯದಲ್ಲಿ ಸ್ವಿಚ್ ಜಾಸ್ತಿ ಹಾಕಿದ್ರೆ ಸಣ್ಣ ಸಣ್ಣ ತುಂಡು ಮಾಡಿ ಬೇಕಾದಷ್ಟೇ ಆಫ್ ಮಾಡ್ಬಹುದು. ಹಾಕಿಲ್ಲ ಅಂದ್ರೆ ಇಡೀ ಫೀಡರ್ ಹೋಗುತ್ತೆ. ಅಲ್ಲಿ ಕಂಪನೀನ ಬೈಯೋದಕ್ಕೆ ನ್ಯಾಯವಾದ ಕಾರಣ ಇದೆ.

ಇನ್ನು ತಂತಿಯಿಂದ ಬೆಂಕಿ ಹೇಗೆ ಬೀಳುತ್ತೆ ಅನ್ನೋದು. ಕೊಂಬೆ ಬಂದು ತಂತಿಗೆ ತಾಗೋದು ಒಂದು. ಎರಡು ತಂತಿ ಗಾಳಿಗೆ ಓಲಾಡಿ ಒಂದಕ್ಕೊಂದು ಬಡಿದು ಕರಗಿದ ಲೋಹದ ಕಿಡಿ ಕೆಳಗೆ ಉದುರೋದು ಇನ್ನೊಂದು. ಮೂರನೇದು ಕೆಟ್ಟದ್ದು, ತಂತಿ ತುಂಡಾಗಿ ಒಣ ನೆಲದ ಮೇಲೆ ಬಿದ್ರೆ ಅದರಲ್ಲಿ ಹರಿಯೋ ಕರೆಂಟ್ ಎಷ್ಟು ಕಮ್ಮಿ ಅಂದ್ರೆ ಬ್ರೇಕರ್‌ಗೆ ಗೊತ್ತೇ ಆಗಲ್ಲ, ಲೈನ್ ಟ್ರಿಪ್ ಆಗಲ್ಲ, ತಂತಿ ಅಲ್ಲೇ ಹುಲ್ಲಲ್ಲಿ ಚಿಟಚಿಟ ಅಂತ ಕಿಡಿ ಹಾರಿಸ್ತಾ ಬಿದ್ದಿರುತ್ತೆ. ಜೊತೆಗೆ ರಿಕ್ಲೋಸರ್ ಅಂತ ಒಂದಿರುತ್ತೆ. ಮಾಮೂಲಿ ದಿನ ಲೈನ್ ಟ್ರಿಪ್ ಆದ್ರೆ ಕೆಲವೇ ಸೆಕೆಂಡಲ್ಲಿ ಅದೇ ವಾಪಸ್ ಆನ್ ಮಾಡಿ ನೋಡುತ್ತೆ, ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ. ಮನೇಲಿ ಲೈಟು ಹೋಗಿ ಬಂದು ಹೋಗಿ ಬಂದು ಮಾಡುತ್ತಲ್ಲ, ಅದೇ ಇದು. ಮಳೆಗಾಲದಲ್ಲಿ ಒಳ್ಳೇ ವ್ಯವಸ್ಥೆ, ಯಾಕಂದ್ರೆ ಕೊಂಬೆ ತಾಗಿ ಬಿದ್ದುಹೋಗಿರುತ್ತೆ. ಒಣಗಾಳಿ ದಿನ ಒಂದೊಂದು ಸಲ ಆನ್ ಆದಾಗ್ಲೂ ಒಂದೊಂದು ಕಿಡಿ. ಅದಕ್ಕೆ ಬೆಂಕಿ ಸೀಸನ್‌ನಲ್ಲಿ ಮೊದಲು ರಿಕ್ಲೋಸಿಂಗ್ ಬಂದ್ ಮಾಡ್ತಾರೆ, ಅದಕ್ಕೂ ಮೀರಿದ ದಿನ ಲೈನನ್ನೇ ಆಫ್ ಮಾಡ್ತಾರೆ.

ಬಿಲ್‌ಕಟ್ಟೋನು
ಸಾರ್ ಟೆಕ್ನಿಕಲ್ ಎಲ್ಲಾ ಸರಿ. ಆದ್ರೆ ನೆಗಡಿ ಬಂತು ಅಂತ ಮೂಗು ಕುಯ್ಕೊಳ್ಳೋ ಕೆಲಸ ಅಲ್ವಾ ಇದು? ಮರ ಕಡೀಬೇಕಿತ್ತು ಕಡೀಲಿಲ್ಲ, ಹಳೇ ಕೊಕ್ಕೆ ಬದಲಾಯಿಸ್ಬೇಕಿತ್ತು ಬದಲಾಯಿಸ್ಲಿಲ್ಲ, ಈಗ ಗಾಳಿ ಬೀಸಿದ್ರೆ ನೀವು ಕತ್ಲಲ್ಲಿರಿ ಅಂತಾರೆ.

ಕ್ಯಾಲಿಫೋರ್ನಿಯಾದ ಕ್ಯಾಂಪ್ ಫೈರ್ ಅನ್ನೋ ಕಾಡ್ಗಿಚ್ಚು ನೆನಪಿದೆಯಲ್ಲ, 2018 ನವೆಂಬರ್ 8. ಪ್ಯಾರಡೈಸ್ ಅನ್ನೋ ಊರಿಗೆ ಊರೇ ಹೋಯ್ತು, 85 ಜನ ಸತ್ರು. ಕಾರಣ ಏನಪ್ಪಾ ಅಂದ್ರೆ ಸುಮಾರು ನೂರು ವರ್ಷ ಹಳೇ ಟವರ್ ಲೈನ್‌ನಲ್ಲಿ ಒಂದು ಕಬ್ಬಿಣದ ಕೊಕ್ಕೆ ಸವೆದು ಸವೆದು ಮುರೀತು. ಒಂದು ಕೊಕ್ಕೆ ಗುರು! 2020ರಲ್ಲಿ ಪಿಜಿ ಅಂಡ್ ಇ ಅನ್ನೋ ಅಲ್ಲಿನ ಕರೆಂಟ್ ಕಂಪನಿ ಕೋರ್ಟ್‌ನಲ್ಲಿ 84 ಸಾವಿನ ವಿಚಾರದಲ್ಲಿ ತಪ್ಪಿತಸ್ಥರು ಅಂತ ಒಪ್ಕೊಂಡ್ತು. ಅದಕ್ಕೂ ಮುಂಚೆ 2019 ಜನವರಿಲಿ ದಿವಾಳಿ ಅರ್ಜಿ ಹಾಕಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ನೋಡಿ, ಲಕ್ಷಾಂತರ ಮನೆಗೆ ಕರೆಂಟ್ ಕಟ್. ಇದನ್ನ ಸೇಫ್ಟಿ ಅಂತ ಕರೀಬೇಕಾ ಇಲ್ಲ ಲಾಯರ್ ಹೇಳ್ಕೊಟ್ಟಿದ್ದು ಅಂತ ಕರೀಬೇಕಾ?

ಹಳೇಫೀಡರ್
@ಬಿಲ್‌ಕಟ್ಟೋನು ಎರಡೂ ಅನ್ನಿ. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ನಿರ್ಲಕ್ಷ್ಯ ಮಾಡಿದೆ ಅಂತ ಸಾಬೀತಾಗದೇ ಇದ್ರೂ, ಅದರ ಸಾಮಾನಿಂದ ಬೆಂಕಿ ಬಿತ್ತು ಅಂದ್ರೆ ಆಸ್ತಿ ನಷ್ಟ ಕಟ್ಟಿಕೊಡೋ ಹೊಣೆ ಅದರ ಮೇಲೇ ಬರುತ್ತೆ. ಅಲ್ಲಿನ ಕೋರ್ಟ್‌ಗಳು ಮೊದಲಿಂದ ಹಂಗೇ ತೀರ್ಪು ಕೊಟ್ಕೊಂಡು ಬಂದಿವೆ. ಹಂಗಾಗಿ ಆಫ್ ಮಾಡೋ ಆಸೆ ಅವರಿಗೆ ಜಾಸ್ತಿನೇ.

ಆದ್ರೆ ಇದು 2019ರಲ್ಲಿ ಹುಟ್ಟಿದ್ದಲ್ಲ. 2007 ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೋ ಕಡೆ ವಿಚ್ ಫೈರ್ ಆಯ್ತಲ್ಲ, ಅದಾದ ಮೇಲೆ ಅಲ್ಲಿನ ಕಂಪನಿ ಗಾಳಿ ದಿನ ಆಫ್ ಮಾಡ್ತೀವಿ ಅಂತ ಪ್ಲಾನ್ ತಂತು. 2009ರಲ್ಲಿ ಕರೆಂಟ್ ಕಂಪನಿಗಳ ಮೇಲೆ ಕಣ್ಣಿಡೋ ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಆ ಪ್ಲಾನನ್ನ ತಳ್ಳಿ ಹಾಕ್ತು. ಕರೆಂಟ್ ಇಲ್ದಿದ್ರೆ ಆಗೋ ಅಪಾಯಾನೂ ಲೆಕ್ಕಕ್ಕೆ ತಗೋಬೇಕಲ್ಲ, ನೀರಿನ ಪಂಪ್ ನಿಲ್ಲುತ್ತೆ, ಫೋನ್ ಹೋಗುತ್ತೆ, ಸಿಗ್ನಲ್ ಹೋಗುತ್ತೆ. 2012ರಲ್ಲಿ ಷರತ್ತು ಹಾಕಿ ಒಪ್ಕೊಂಡ್ರು, ಬೇರೆ ದಾರಿ ಇಲ್ದೇ ಇದ್ದಾಗ ಕೊನೇ ಉಪಾಯ ಅಂತ. 2018ರಲ್ಲಿ ಉಳಿದ ದೊಡ್ಡ ಖಾಸಗಿ ಕಂಪನಿಗಳಿಗೂ ಅದೇ ನಿಯಮ ಬಂತು. ಅಷ್ಟರಲ್ಲಿ ಸ್ಯಾನ್ ಡಿಯಾಗೋದವರು ಹವಾಮಾನ ಕೇಂದ್ರಗಳು, ಕ್ಯಾಮೆರಾ ಎಲ್ಲಾ ಹಾಕ್ಕೊಂಡು ಪಳಗಿದ್ರು. ಪಿಜಿ ಅಂಡ್ ಇ ಅಷ್ಟು ತಯಾರಿ ಇಲ್ದೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪ್ರಮಾಣದಲ್ಲಿ ಮಾಡೋಕೆ ಹೋಯ್ತು.

ನೀವು ಹೇಳಿದ ಕ್ಯಾಂಪ್ ಫೈರ್ ವಿಷಯದಲ್ಲೇ ಇನ್ನೊಂದು ಇದೆ. ಆವತ್ತಿಗೆ ಕರೆಂಟ್ ತೆಗೀಬಹುದು ಅಂತ ಮೊದಲೇ ನೋಟಿಸ್ ಕೊಟ್ಟಿದ್ರು, ಆಮೇಲೆ ಹವಾಮಾನ ಅಷ್ಟು ಕೆಟ್ಟದಾಗಿಲ್ಲ ಅಂತ ಕೈಬಿಟ್ರು. ತೆಗೆದಿದ್ರೂ ಉಪಯೋಗ ಆಗ್ತಿರಲಿಲ್ಲ, ಆ ಕೊಕ್ಕೆ ಇದ್ದ 115 ಕೆವಿ (ಸಾವಿರ ವೋಲ್ಟ್) ಟವರ್ ಲೈನ್ ಆಫ್ ಮಾಡೋ ಪಟ್ಟಿಲೇ ಇರಲಿಲ್ಲ. ಮುಂದಿನ ವರ್ಷ ಕಿನ್‌ಕೇಡ್ ಫೈರ್‌ನಲ್ಲೂ ಅದೇ ಕಥೆ. ಊರೊಳಗಿನ ಕಂಬದ ಲೈನ್ ಆಫ್, ಗುಡ್ಡದ ಮೇಲಿನ 230 ಕೆವಿ ಟವರ್ ಲೈನ್ ಆನ್, ಟವರ್ ಮೇಲೆ ಒಂದು ಜಂಪರ್ (ಲೈನಿನ ಎರಡು ಕಡೆ ಜೋಡಿಸೋ ತುಂಡು ತಂತಿ) ತುಂಡಾಯ್ತು, 77 ಸಾವಿರ ಎಕರೆಗೂ ಮೇಲೆ ಸುಟ್ಟುಹೋಯ್ತು. ನಾನು ಕೇಳೋ ಪ್ರಶ್ನೆ ಇದು: ಆಫ್ ಮಾಡೋದು ಸರಿನಾ ತಪ್ಪಾ ಅನ್ನೋದಕ್ಕಿಂತ ಯಾವ ಲೈನ್ ಆಫ್ ಮಾಡ್ತಾರೆ, ಯಾವುದನ್ನ ಬಿಡ್ತಾರೆ, ಯಾಕೆ ಬಿಡ್ತಾರೆ.

ಅಡ್ಡಗಾಳಿ
2019 ಅಕ್ಟೋಬರ್ ನೋಡಿದ್ದೀನಿ. 9ನೇ ತಾರೀಕಿಂದ ಶುರು, 7 ಲಕ್ಷಕ್ಕೂ ಮೇಲೆ ಕನೆಕ್ಷನ್, ಅಂದ್ರೆ ಸುಮಾರು 20 ಲಕ್ಷ ಜನ. ತಿಂಗಳ ಕೊನೇಲಿ ಇನ್ನೂ ದೊಡ್ಡದು, ಒಂಬತ್ತು ಲಕ್ಷ ಕನೆಕ್ಷನ್ ದಾಟ್ತು. ಕತ್ತಲೆ ಬಿಡಿ, ಮಾಹಿತಿ ಸಿಗ್ದೇ ಇದ್ದಿದ್ದೇ ದೊಡ್ಡ ತಲೆನೋವು. ನಿಮ್ಮ ಅಡ್ರೆಸ್ ಹಾಕಿ ನೋಡ್ಕೊಳ್ಳಿ ಅಂದ್ರು, ಎಲ್ರೂ ಒಟ್ಟಿಗೆ ಹೋಗಿ ನೋಡೋವಾಗ ಕಂಪನಿ ವೆಬ್‌ಸೈಟೇ ಮಲಕ್ಕೊಂಡ್ತು. ಬರ್ಕ್ಲಿ ಯೂನಿವರ್ಸಿಟಿಲಿ ಕ್ಲಾಸ್ ಕ್ಯಾನ್ಸಲ್. ಕ್ಯಾಲ್ಡಿಕಾಟ್ ಸುರಂಗ ಮುಚ್ಚಬೇಕಾಗುತ್ತೆ ಅಂತ ಸುದ್ದಿ ಆಯ್ತು, ರಸ್ತೆ ಇಲಾಖೆಯೋರು ಓಡೋಡಿ ಜನರೇಟರ್ ತಂದಿಟ್ಟು ಉಳಿಸ್ಕೊಂಡ್ರು.

ಆಮೇಲೆ ಮೊಬೈಲ್. ಕೊನೇ ಸುತ್ತಲ್ಲಿ ಮರಿನ್ ಅನ್ನೋ ಕೌಂಟಿಲಿ (ಜಿಲ್ಲೆ ಇದ್ದಂಗೆ) ಅರ್ಧಕ್ಕಿಂತ ಹೆಚ್ಚು ಟವರ್ ಡೆಡ್. ಬೆಂಕಿ ಬಂತು ಓಡಿ ಅನ್ನೋ ಮೆಸೇಜ್ ಬರಬೇಕಾದ ಫೋನೇ ಸತ್ತಿದ್ರೆ ಏನು ಮಾಡೋದು? 2020ರಲ್ಲಿ ಕಮಿಷನ್, ಬೆಂಕಿ ಅಪಾಯದ ಜಾಗಗಳಲ್ಲಿ ಟವರ್‌ಗಳಿಗೆ 72 ಗಂಟೆ ಬ್ಯಾಕಪ್ ಇರ್ಲೇಬೇಕು ಅಂತ ಆರ್ಡರ್ ಮಾಡ್ತು. ಕಂಪನಿಗೆ 2021ರಲ್ಲಿ 106 ಮಿಲಿಯನ್ ಡಾಲರ್ ದಂಡ ಬಿತ್ತು, ತೆಗೆದಿದ್ದಕ್ಕಲ್ಲ, ತೆಗೆದ ರೀತಿಗೆ. ಅದರಲ್ಲೂ ದೊಡ್ಡ ಪಾಲು ಆಗ್ಲೇ ಜನರ ಬಿಲ್‌ಗೆ ಕ್ರೆಡಿಟ್ ಕೊಟ್ಟಿದ್ದೀವಿ ಅಂತ ಕಳೆದುಕೊಂಡ್ರು. ಮನೆಗೆ 100 ಡಾಲರ್, ಅಂಗಡಿಗೆ 250. ಅದೂ ಗವರ್ನರ್ ಗದರಿದ ಮೇಲೆ.

ಸಣ್ಣನಿದ್ದೆ
ನಾನು ಸಾಮಾನ್ಯವಾಗಿ ಓದ್ಕೊಂಡು ಹೋಗ್ತೀನಿ ಅಷ್ಟೇ, ಇವತ್ತು ಬರೀಬೇಕು ಅನ್ನಿಸ್ತು. ನಮ್ಮತ್ತೆ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮೇಲೆ ಇದ್ದಾರೆ, ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಮಿಷಿನ್ ಅದು. ಕರೆಂಟ್ ಕಂಪನಿಯ ಮೆಡಿಕಲ್ ಪಟ್ಟಿಲಿ ಹೆಸರು ಕೊಟ್ಟಿದ್ದೀವಿ, ಡಾಕ್ಟರ್ ಸೈನ್ ಹಾಕಿದ ಫಾರ್ಮ್ ಕೂಡ ಕೊಟ್ಟಿದ್ದೀವಿ. ಆದ್ರೂ ಹೋದ ಸಲ ನಮಗೆ ಕಾಲ್ ಬರ್ಲಿಲ್ಲ, ಅವರ ಹತ್ರ ಮಾವನ ಹಳೇ ನಂಬರ್ ಇತ್ತಂತೆ, ಅದು ಬಂದ್ ಆಗಿ ಎಷ್ಟು ಕಾಲ ಆಯ್ತೋ.

ರಾತ್ರಿ ಮಿಷಿನ್ ಒಂದೇ ಸಮ ಕೂಗೋಕೆ ಶುರು ಮಾಡ್ತು. ಕರೆಂಟ್ ಹೋದ್ರೆ ಕೂಗೋ ಅಲಾರಾಂ ಅದು. ಸಿಲಿಂಡರ್ ಮೂಲೇಲಿತ್ತು, ರೆಗ್ಯುಲೇಟರ್ ಕೂರಿಸೋಕೆ ಹೋದ್ರೆ ಬಾಯಲ್ಲಿರೋ ವಾಷರ್ ಕೆಳಗೆ ಬಿದ್ದೋಯ್ತು, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಕೊಂಡು ಮಂಚದ ಕೆಳಗೆ ತಡಕಾಡ್ದೆ. ಅತ್ತೆ ಮಾತ್ರ ನನಗಿಂತ ಧೈರ್ಯವಾಗಿ 'ನಿಧಾನ ಮಾಡಮ್ಮ' ಅಂತಿದ್ರು. ಏನೂ ಆಗ್ಲಿಲ್ಲ, ದೇವ್ರು ದೊಡ್ಡೋನು. ಆದ್ರೆ ಸೇಫ್ಟಿ ಅಂತ ಯಾರಾದ್ರೂ ಅಂದ್ರೆ ಯಾರ ಸೇಫ್ಟಿ ಅಂತ ಕೇಳಬೇಕು ಅನ್ಸುತ್ತೆ.

ಬಿಲ್‌ಕಟ್ಟೋನು
ಅಕ್ಕಾ ಇದೇ ನಾನು ಹೇಳ್ತಿರೋದು. ಖರ್ಚು, ಭಯ ಎಲ್ಲಾ ನಮ್ಮ ತಲೆಗೆ ಹಾಕಿ ಅವರು ಸ್ವಿಚ್ ಒತ್ತಿ ಮಲಗ್ತಾರೆ.

ಅಡ್ಡಗಾಳಿ
@ಸಣ್ಣನಿದ್ದೆ ಮೇಡಂ, ಕ್ಯಾಲಿಫೋರ್ನಿಯಾದ ನಿಯಮ ಹೇಳ್ತೀನಿ, ಬೇರೆ ಕಡೆನೂ ಹೆಚ್ಚುಕಮ್ಮಿ ಇಂಥದ್ದನ್ನೇ ಕೇಳ್ಬಹುದು. ಮೆಡಿಕಲ್ ಪಟ್ಟಿಲಿರೋರು ಫೋನು ಮೆಸೇಜು ಯಾವುದಕ್ಕೂ ಉತ್ತರ ಕೊಡ್ಲಿಲ್ಲ ಅಂದ್ರೆ ಕಂಪನಿಯೋರು ಮನೆಗೆ ಬಂದು ಬೆಲ್ ಹೊಡೀಬೇಕು, ಯಾರೂ ಇಲ್ಲ ಅಂದ್ರೆ ಬಾಗಿಲಿಗೆ ಚೀಟಿ ಸಿಗಿಸಿ ಹೋಗಬೇಕು. ಹಂಗಾಗಿ ಮೊದಲು ನಂಬರ್ ಅಪ್‌ಡೇಟ್ ಮಾಡಿಸಿ, ಎರಡು ನಂಬರ್ ಕೊಡಿ, ಮೆಸೇಜ್ ಬಂದಾಗ ಬಂತು ಅಂತ ಉತ್ತರಾನೂ ಕೊಡಿ.

ಚಾವಣಿಸೋಲಾರ್
ನನ್ನ ಹೊಟ್ಟೆ ಉರಿ ಬೇರೆ. ಮನೆ ಮೇಲೆ ಪೂರ್ತಿ ಸೋಲಾರ್ ಪ್ಯಾನೆಲ್. ಕರೆಂಟ್ ತೆಗೆದ ದಿನ ಮೋಡ ಇಲ್ಲ ಏನಿಲ್ಲ ಬಿಸಿಲು ಸುಡ್ತಾ ಇದೆ, ಮನೆ ಒಳಗೆ ಫ್ಯಾನ್ ತಿರುಗ್ತಿಲ್ಲ. ಹಾಕೋವಾಗ ಮಾರಿದೋನು ಒಂದು ಮಾತು ಹೇಳ್ಲಿಲ್ಲ. ಪಕ್ಕದ್ಮನೆಯೋರು ನಗ್ತಿದ್ರು.

ಹಳೇಫೀಡರ್
@ಚಾವಣಿಸೋಲಾರ್ ಗ್ರಿಡ್ ಜೊತೆ ಸೇರಿಸಿರೋ ಇನ್ವರ್ಟರ್ ಎಲ್ಲಾ ಹಿಂಗೇ. ಹೊರಗಿಂದ ವೋಲ್ಟೇಜ್ ಬರೋದು ನಿಂತ ತಕ್ಷಣ ಅದೂ ನಿಲ್ಲಬೇಕು. ಇಲ್ಲಾಂದ್ರೆ ನಿಮ್ಮ ಪ್ಯಾನೆಲ್‌ನಿಂದ ಕರೆಂಟ್ ಲೈನ್‌ಗೆ ಹೋಗುತ್ತೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಉಲ್ಟಾ ಏರಿ ಸಾವಿರಾರು ವೋಲ್ಟ್ ಆಗುತ್ತೆ, ಲೈನ್ ಸತ್ತಿದೆ ಅಂತ ಕಂಬ ಹತ್ತಿದ ಲೈನ್‌ಮನ್ ಕೆಳಗಿಳಿಯಲ್ಲ. ಬ್ಯಾಟರಿ, ಜೊತೆಗೆ ಮನೇನ ಗ್ರಿಡ್‌ನಿಂದ ಬಿಡಿಸೋ ಸ್ವಿಚ್, ಎರಡೂ ಇದ್ರೆ ಮಾತ್ರ ಪ್ಯಾನೆಲ್ ಓಡುತ್ತೆ. ಕೆಲವು ಇನ್ವರ್ಟರ್‌ನಲ್ಲಿ ಬಿಸಿಲಿದ್ದಾಗ ಮಾತ್ರ ಕೆಲಸ ಮಾಡೋ ಒಂದು ಪ್ರತ್ಯೇಕ ಪ್ಲಗ್ ಪಾಯಿಂಟ್ ಇರುತ್ತೆ, ನಿಮ್ಮದ್ರಲ್ಲಿ ಇದೆಯಾ ನೋಡಿ.

ಜನರೇಟರ್‌ಗೂ ಇದೇ ಮಾತು. ಅದನ್ನ ಗೋಡೆ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕೊಡೋ ಬುದ್ಧಿವಂತರು ಇದ್ದಾರೆ. ದಯವಿಟ್ಟು ಬೇಡ. ಚೇಂಜ್‌ಓವರ್ ಸ್ವಿಚ್ ಇಲ್ಲ ಅಂದ್ರೆ ಜನರೇಟರ್‌ನಿಂದಾನೇ ವೈರ್ ಎಳೆದು ಬೇಕಾದ ಒಂದೆರಡು ಸಾಮಾನಿಗೆ ಕೊಡಿ.

ಗುಡ್ಡದಮನೆ
ಒಂದು ಡೌಟು. ಗಾಳಿ ನಿಂತ್ರೂ ಅರ್ಧ ದಿನ ಒಂದು ದಿನ ಆದ್ರೂ ಕರೆಂಟ್ ಕೊಡಲ್ಲ, ಅದ್ಯಾಕೆ? ತೆಗೆಯೋಕೆ ಒಂದು ನಿಮಿಷ ಸಾಕು, ಕೊಡೋಕೆ ಏನು ಕಷ್ಟ?

ಹಳೇಫೀಡರ್
ಯಾಕಂದ್ರೆ ಆಫ್ ಇರೋ ಲೈನ್‌ನಲ್ಲಿ ತಂತಿ ತುಂಡಾಗಿ ಬಿದ್ದಿದ್ರೂ ಯಾರಿಗೂ ಗೊತ್ತಾಗಲ್ಲ. ಆನ್ ಇದ್ರೆ ಎಷ್ಟೋ ಸಲ ಟ್ರಿಪ್ ಆಗಿಯಾದ್ರೂ ಗೊತ್ತಾಗುತ್ತೆ. ಹಂಗಾಗಿ ಕಂಬ ಕಂಬಾನೂ ಕಣ್ಣಲ್ಲಿ ನೋಡ್ಬೇಕು, ಹೆಲಿಕಾಪ್ಟರ್, ಜೀಪು, ಹೋಗಕ್ಕಾಗದ ಕಡೆ ನಡ್ಕೊಂಡೇ. ರಾತ್ರಿ ಆಗಲ್ಲ. ಗಾಳಿ ಸಂಜೆ ನಿಂತ್ರೆ ನಿಮ್ಮ ಲೆಕ್ಕ ಮಾರನೇ ದಿನ ಬೆಳಗ್ಗೆಯಿಂದ ಶುರು. 2019 ಅಕ್ಟೋಬರ್‌ನ ಆ ಮೊದಲ ಸುತ್ತಲ್ಲಿ ಹಂಗೆ ನೋಡಿದಾಗ ನೂರಕ್ಕೂ ಹೆಚ್ಚು ಕಡೆ ಲೈನ್‌ಗೆ ಏಟು ಬಿದ್ದಿತ್ತು.

ನೋಡ್ದೇ ಕೊಟ್ರೆ ಏನಾಗುತ್ತೆ ಅನ್ನೋದಕ್ಕೆ ಲಹೈನಾ ಇದೆ. ಹವಾಯಿ, 2023 ಆಗಸ್ಟ್ 8. ಗಾಳಿಗೆ ಲೈನ್ ಮುರಿದಿತ್ತು, ಅದಕ್ಕೆ ಮತ್ತೆ ಕರೆಂಟ್ ಬಂತು, ಬೆಳಗ್ಗೆ ಆರೂವರೆ ಸುಮಾರಿಗೆ ಗಿಡಗಂಟಿಗೆ ಬೆಂಕಿ ಹತ್ತಿಕೊಳ್ತು. ಫೈರ್ ಬ್ರಿಗೇಡ್‌ನವರು ಬಂದು ಆರಿಸಿ, ಆರಿದೆ ಅಂತ ಗ್ಯಾರಂಟಿ ಮಾಡ್ಕೊಂಡು ಹೋದ್ರು. ಮಧ್ಯಾಹ್ನ ಅದೇ ಬೆಂಕಿ ಮತ್ತೆ ಎದ್ದು ಊರನ್ನ ತಿಂತು, 102 ಜನ ಹೋದ್ರು. ಆ ಬೆಳಗಿನ ಬೆಂಕಿಯೇ ಮತ್ತೆ ಹೊತ್ತಿಕೊಂಡಿದ್ದು ಅಂತ ಮುಂದಿನ ವರ್ಷ ಬಂದ ತನಿಖಾ ವರದಿ ಹೇಳ್ತು. ಆವಾಗ ಅಲ್ಲಿನ ಕಂಪನಿಗೆ ಗಾಳಿ ದಿನ ಆಫ್ ಮಾಡೋ ಪದ್ಧತೀನೇ ಇರಲಿಲ್ಲ, 2024 ಜುಲೈನಲ್ಲಿ ಶುರು ಮಾಡಿದ್ರು.

ಬಿಲ್‌ಕಟ್ಟೋನು
ಲಹೈನಾ ವಿಷಯ ಒಪ್ತೀನಿ, ಅಲ್ಲಿ ತೆಗೀಬೇಕಿತ್ತು. ಆದ್ರೂ ನನ್ನ ಪ್ರಶ್ನೆಗೆ ಉತ್ತರ ಬರ್ಲಿಲ್ಲ. ಕೊನೇ ಉಪಾಯ ಅಂತ ಶುರುವಾಗಿದ್ದು ವರ್ಷ ವರ್ಷದ ಮಾಮೂಲಿ ಆದ್ರೆ ಕಂಪನಿಗೆ ರಿಪೇರಿ ಮಾಡೋ ದರ್ದು ಎಲ್ಲಿರುತ್ತೆ?

ದಕ್ಷಿಣದಿಕ್ಕು
ಅದಕ್ಕ ನಾ ಹೇಳ್ತೇನ್ರಿ. ನಾ ಆಸ್ಟ್ರೇಲಿಯಾದಾಗ ಭಾಳ ವರ್ಷದಿಂದ ಅದೀನಿ. ಇಲ್ಲಿ ವಿಕ್ಟೋರಿಯಾದಾಗ 2009 ಫೆಬ್ರವರಿ 7, ಬ್ಲ್ಯಾಕ್ ಸ್ಯಾಟರ್ಡೇ ಅಂತಾರ, 173 ಮಂದಿ ಸತ್ರು. ಅದ್ರಾಗ ಕಿಲ್ಮೋರ್ ಈಸ್ಟ್ ಬೆಂಕಿ ಒಂದರಾಗೇ 119 ಮಂದಿ, ಅದು ಹಳ್ಳಿ ಕಡೆ ಹೋಗೋ ಒಂಟಿ ತಂತಿ ಲೈನು ಕಡದು ಬಿದ್ದು ಹತ್ತಿದ ಬೆಂಕಿ. ಆಮ್ಯಾಲೆ ರಾಯಲ್ ಕಮಿಷನ್ ಕೂತು ತನಿಖಾ ಮಾಡ್ತು. ಅದಾದ ಮ್ಯಾಲೆ ವಿಕ್ಟೋರಿಯಾದವ್ರು ಕರೆಂಟ್ ತಗಿಯೋ ದಾರಿ ಹಿಡಿಲಿಲ್ರೀ, ಲೈನಿನ ಸ್ವಭಾವನ ಬದಲ ಮಾಡೋ ದಾರಿ ಹಿಡದ್ರು. ಸಬ್‌ಸ್ಟೇಷನ್‌ನ್ಯಾಗ ಒಂದು ಸಾಮಾನು ಕೂಡಸ್ತಾರ, ಮೂರು ತಂತಿಯೊಳಗ ಒಂದು ನೆಲಕ್ಕ ತಾಕಿದ್ರ ಕಣ್ಣ ಮುಚ್ಚಿ ತೆಗಿಯೂದ್ರಾಗ ಆ ತಂತಿ ವೋಲ್ಟೇಜ್ ಇಳಿಸಿಬಿಡತೈತಿ, ಹುಲ್ಲು ಹತ್ತಂಗಿಲ್ಲ. ರೆಫ್‌ಕಲ್ ಅಂತ ಕರೀತಾರ. 45 ಸಬ್‌ಸ್ಟೇಷನ್‌ಗೆ ಹಾಕ್ಬೇಕು ಅಂತ ಕಾನೂನೇ ಮಾಡ್ಯಾರ.

ಹಂಗಂತ ಅದು ಎಲ್ಲಾ ಕಡೆ ನಡಿಯಂಗಿಲ್ಲ ಮತ್ತ. ಎರಡು ತಂತಿ ತಮ್ಮೊಳಗ ಬಡಕೊಂಡ್ರ ಅದಕ್ಕ ಏನೂ ಮಾಡಾಕ ಬರಂಗಿಲ್ಲ, ಒಂಟಿ ತಂತಿ ಲೈನಿಗೂ ನಡಿಯಂಗಿಲ್ಲ. ಬಾಜೂಕಿನ ಸೌತ್ ಆಸ್ಟ್ರೇಲಿಯಾದಾಗ ನೋಡ್ರಿ, ಅಲ್ಲಿ ಬೆಂಕಿ ದಿನ ಕರೆಂಟ್ ತಗಿಯಾಕ ಕಾನೂನಿನಾಗ ಅಧಿಕಾರ ಐತಿ, ತಗೀತಾರ. ಒಂದು ದೇಶದಾಗೇ ಎರಡು ನಮೂನಿ.

ಹಳೇಫೀಡರ್
@ದಕ್ಷಿಣದಿಕ್ಕು ಒಳ್ಳೇ ಮಾತು ತೆಗೆದ್ರಿ. ಅಮೆರಿಕದ ಹೆಚ್ಚಿನ ವಿತರಣೆ ಲೈನ್‌ಗಳಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಕೂಡ ಜೊತೆಗೇ ಹೋಗುತ್ತೆ, ಅಲ್ಲಿ ಈ ರೆಫ್‌ಕಲ್ ಹಾಕೋದು ಸುಲಭ ಅಲ್ಲ. ಅದಕ್ಕೆ ಅಲ್ಲಿ ಮೂರು ಕೆಲಸ ನಡೀತಿದೆ. ಬರಿ ತಂತಿ ತೆಗೆದು ಹೊದಿಕೆ ಇರೋ ತಂತಿ ಹಾಕೋದು, ನೆಲದಡಿ ಕೇಬಲ್ ಹಾಕೋದು, ಬ್ರೇಕರ್‌ನ ಭಯಂಕರ ಸೂಕ್ಷ್ಮ ಮಾಡೋದು. ನೆಲದಡಿ ಹಾಕೋದೇ ಖಾಯಂ ಪರಿಹಾರ, ಆದ್ರೆ ಮೈಲಿಗೆ ಮಿಲಿಯನ್‌ಗಟ್ಟಲೆ ಡಾಲರ್. ಪಿಜಿ ಅಂಡ್ ಇ 2021ರಲ್ಲಿ 10,000 ಮೈಲಿ ಹಾಕ್ತೀವಿ ಅಂತ ಘೋಷಣೆ ಮಾಡ್ತು, ಆ ದುಡ್ಡು ಎಲ್ಲಿಂದ ಬರುತ್ತೆ ಅಂತ ನಮ್ಮ ಬಿಲ್‌ಕಟ್ಟೋನು ಅವರೇ ಹೇಳ್ತಾರೆ :)

ಬಿಲ್‌ಕಟ್ಟೋನು
ಇನ್ನೆಲ್ಲಿಂದ, ಬಿಲ್ಲಿಂದ!

ಅಡ್ಡಗಾಳಿ
ಸೂಕ್ಷ್ಮ ಬ್ರೇಕರ್ ಅಂದಿದ್ದಕ್ಕೆ ಹೇಳ್ತೀನಿ, ಅದು ಇನ್ನೊಂದು ಹಿಂಸೆ. 2021 ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಕ್ಸಿ ಫೈರ್ ಬಂತು, ಮರ ಲೈನ್ ಮೇಲೆ ಬಿದ್ದು ಶುರುವಾಗಿದ್ದು, 9 ಲಕ್ಷ 63 ಸಾವಿರ ಎಕರೆ. ಆವತ್ತು ಜೋರು ಗಾಳಿ ದಿನಾನೇ ಅಲ್ಲ, ಅಂದ್ರೆ ಪ್ಲಾನ್ ಮಾಡಿ ಆಫ್ ಮಾಡೋ ಲೆಕ್ಕಕ್ಕೇ ಅದು ಬರ್ತಿರಲಿಲ್ಲ. ಅದಾದ ಮೇಲೆ ಏನಾದ್ರೂ ತಾಗಿದ್ರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಟ್ರಿಪ್ ಆಗೋ ಹಂಗೆ ಸೆಟ್ಟಿಂಗ್ ಮಾಡಿದ್ರು. ಬೆಂಕಿ ಕಮ್ಮಿ ಆಗಿದ್ದು ನಿಜ. ಆದ್ರೆ ಈಗ ಒಂದು ಅಳಿಲು ಹತ್ತಿದ್ರೂ ಕರೆಂಟ್ ಢಮಾರ್, ನೋಟಿಸ್ ಇಲ್ಲ ಮೆಸೇಜ್ ಇಲ್ಲ, ಮತ್ತೆ ಇಡೀ ಲೈನ್ ನೋಡಿ ಕೊಡೋವರೆಗೂ ಕಾಯೋದು. ಪ್ಲಾನ್ ಮಾಡಿ ತೆಗೆಯೋದಾದ್ರೆ ಹಿಂದಿನ ದಿನ ಆದ್ರೂ ಗೊತ್ತಿರುತ್ತೆ. ಸಣ್ಣನಿದ್ದೆ ಮೇಡಂ ತರದೋರಿಗೆ ಈ ಇದ್ದಕ್ಕಿದ್ದಂಗೆ ಹೋಗೋದೇ ಜಾಸ್ತಿ ಅಪಾಯ.

ಚಾವಣಿಸೋಲಾರ್
ನನಗೆ ಒಂದು ಅರ್ಥ ಆಗ್ತಿಲ್ಲ. ದೊಡ್ಡ ಬೆಂಕಿಯೆಲ್ಲಾ ಟವರ್ ಲೈನ್‌ನಿಂದ ಆಗಿದೆ ಅಂತೀರಿ, ಹಂಗಿದ್ರೆ ಟವರ್ ಲೈನ್ ಆಫ್ ಮಾಡೋದು ಬಿಟ್ಟು ನಮ್ಮನೆ ಲೈನ್ ಯಾಕೆ?

ಹಳೇಫೀಡರ್
ಎಲ್ಲಾ ಟವರ್ ಲೈನ್‌ದೇ ಅಲ್ಲ, ಡಿಕ್ಸಿ ಕಂಬದ ಲೈನೇ. ಟವರ್ ಲೈನ್ ಎತ್ತರದಲ್ಲಿರುತ್ತೆ, ಕೆಳಗೆ ಅಗಲಕ್ಕೆ ಮರ ಕಡಿದಿರ್ತಾರೆ, ಜಾಸ್ತಿ ಗಾಳಿ ತಡ್ಕೊಳ್ಳುತ್ತೆ ಅನ್ನೋ ಲೆಕ್ಕ. ಒಂದು ಟವರ್ ಲೈನ್ ಆಫ್ ಮಾಡಿದ್ರೆ ಗಾಳಿನೇ ಇಲ್ಲದ ದೂರದ ಊರು, ಆಸ್ಪತ್ರೆ, ನೀರಿನ ಪಂಪ್‌ಹೌಸ್ ಎಲ್ಲಾ ಹೋಗ್ಬಹುದು. ಹಂಗಾಗಿ ಅದಕ್ಕೆ ಆಫ್ ಮಾಡೋ ಮಿತಿ ಮೇಲಿಟ್ಟಿರ್ತಾರೆ. ಲೆಕ್ಕ ಚೆನ್ನಾಗೇ ಇದೆ, ಲೈನ್ ಹೊಸದಾಗಿದ್ರೆ. ನೂರು ವರ್ಷ ಹಳೇ ಕೊಕ್ಕೆಗೆ ಅದೇ ಮಿತಿ ಇಡೋಕಾಗಲ್ಲ.

2025 ಜನವರಿ 7ರ ಈಟನ್ ಫೈರ್ ನೋಡಿ, ಲಾಸ್ ಏಂಜಲೀಸ್ ಪಕ್ಕ ಆಲ್ಟಡೀನಾ. ಅಲ್ಲಿನ ಕರೆಂಟ್ ಕಂಪನಿ ಆವತ್ತು ಸುತ್ತಮುತ್ತ ಎಷ್ಟೋ ಕಡೆ ಕಂಬದ ಲೈನ್ ಆಫ್ ಮಾಡಿತ್ತು, ಕಣಿವೆಲಿ ಟವರ್ ಲೈನ್ ಆನ್ ಇತ್ತು. ಅಲ್ಲೇ ಪಕ್ಕದಲ್ಲಿ ದಶಕಗಳಿಂದ ಬಳಸದೇ ಬಿಟ್ಟ ಒಂದು ಟವರ್ ಲೈನ್ ಇತ್ತು. ಪಕ್ಕದ ಲೈನ್‌ಗಳಿಂದ ಅದಕ್ಕೆ ಹೇಗೋ ಕರೆಂಟ್ ಹತ್ತಿ ಕಿಡಿ ಹಾರಿರಬಹುದು ಅನ್ನೋದು ಎಲ್ರ ಅನುಮಾನ, ಕೋರ್ಟ್ ಕೇಸುಗಳೂ ಅದ್ರ ಮೇಲೇ ನಡೀತಿವೆ. ಮನೆ ಕಟ್ಟಡ ಸೇರಿ 9,000ಕ್ಕೂ ಹೆಚ್ಚು ಹೋಯ್ತು. ಬಳಸದ ಲೈನ್ ಬಿಚ್ಚಿಹಾಕೋಕೆ ಯಾವ ಹವಾಮಾನ ವರದಿನೂ ಬೇಕಿಲ್ಲ, ಯಾರ ಮನೆ ಲೈಟೂ ಆರಬೇಕಿಲ್ಲ. ನನಗೆ ಸಿಟ್ಟು ಬರೋದು ಇಂಥಾ ಕಡೆ.

ಬಿಲ್‌ಕಟ್ಟೋನು
ಸಾರ್ ಕೊನೆಗೂ ನೀವು ನಮ್ಮ ಪಾರ್ಟಿಗೆ ಬಂದ್ರಿ.

ಹಳೇಫೀಡರ್
ನಾನು ಯಾರ ಪಾರ್ಟಿನೂ ಅಲ್ಲ ಮಾರಾಯ. ನಾಳೆ ನೆತ್ತಿ ಮೇಲೆ ಗಾಳಿ ಮರ ಮುರಿಯೋ ಹಂಗಿದ್ರೆ ನಾನೂ ಆಫ್ ಮಾಡು ಅಂತಾನೇ ಹೇಳೋದು. ಕ್ಯಾಲಿಫೋರ್ನಿಯಾದಲ್ಲಿ ತಂತಿಯಿಂದ ಶುರುವಾಗೋ ಬೆಂಕಿ ನೂರಕ್ಕೆ ಹತ್ತಕ್ಕಿಂತ ಕಮ್ಮಿ, ಆದ್ರೆ ಅತಿ ಹೆಚ್ಚು ನಾಶ ಮಾಡಿದ ಬೆಂಕಿಗಳಲ್ಲಿ ಸುಮಾರು ಅರ್ಧ ಅದರದ್ದೇ. ಯಾಕಂದ್ರೆ ಯಾವ ಗಾಳಿ ತಂತಿ ಮುರಿಯುತ್ತೋ ಅದೇ ಗಾಳಿ ಬೆಂಕೀನ ಓಡಿಸುತ್ತೆ.

ಗುಡ್ಡದಮನೆ
ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿಷಯ ಇದೆ ಅಂತ ಅಂದ್ಕೊಂಡಿರಲಿಲ್ಲ. ಸಿಟ್ಟು ಪೂರ್ತಿ ಇಳಿದಿಲ್ಲ, ಆದ್ರೆ ಯಾರ ಮೇಲೆ ಯಾವುದಕ್ಕೆ ಸಿಟ್ಟಾಗ್ಬೇಕು ಅಂತ ಗೊತ್ತಾಯ್ತು. ನಾಳೆಗೆ ಏನೇನು ರೆಡಿ ಮಾಡ್ಕೋಬೇಕು ಹೇಳಿ ಪಾ.

ಅಡ್ಡಗಾಳಿ
ಮೇಣದಬತ್ತಿ ಮೊದಲು ಒಳಗಿಡಿ. ಬೆಂಕಿ ಭಯಕ್ಕೆ ಕರೆಂಟ್ ತೆಗೆದಿರೋ ದಿನ ಮನೇಲಿ ಬೆಂಕಿ ಹಚ್ಕೊಂಡು ಕೂರೋದಾ, ಟಾರ್ಚ್ ಇಟ್ಕೊಳ್ಳಿ. ಗ್ಯಾರೇಜ್ ಬಾಗಿಲು ಕರೆಂಟಿಂದ ತೆಗೆಯೋದಾದ್ರೆ ಕೈಯಲ್ಲಿ ಎತ್ತೋದು ಹೇಗೆ ಅಂತ ಇವತ್ತೇ ಬೆಳಕಲ್ಲಿ ಒಂದ್ಸಲ ಮಾಡಿ ನೋಡಿ, ಮನೇಲಿರೋ ಎಲ್ರೂ ಮಾಡಿ ನೋಡ್ಲಿ. 2017ರ ಬೆಂಕಿಲಿ ಬಾಗಿಲು ಎತ್ತಕ್ಕಾಗದೇ ಜನ ಒಳಗೇ ಸಿಕ್ಕಿಹಾಕ್ಕೊಂಡಿದ್ರು, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹೊಸ ಬಾಗಿಲಿಗೆ ಬ್ಯಾಟರಿ ಇರ್ಲೇಬೇಕು ಅಂತ ಕಾನೂನು ಬಂತು. ಗಾಡಿಗೆ ಪೆಟ್ರೋಲ್ ಇವತ್ತೇ ಹಾಕಿಸಿ, ಬಂಕ್‌ನಲ್ಲೂ ಪಂಪ್ ಓಡೋದು ಕರೆಂಟಲ್ಲೇ. ಎಲೆಕ್ಟ್ರಿಕ್ ಗಾಡಿ ಇದ್ರೆ ಚಾರ್ಜ್. ಬೋರ್‌ವೆಲ್ ಇದ್ರೆ ನೀರು ತುಂಬಿಸಿಡಿ, ಕರೆಂಟ್ ಹೋದ್ರೆ ನೀರೂ ಹೋಯ್ತು.

ಫ್ರಿಡ್ಜ್ ಬಾಗಿಲು ತೆಗೀದೇ ಇದ್ರೆ ನಾಲ್ಕು ಗಂಟೆ, ಫ್ರೀಜರ್ ತುಂಬಿದ್ರೆ ಎರಡು ದಿನ. ಜನರೇಟರ್ ಇದ್ರೆ ಮನೆ ಹೊರಗೆ, ಕಿಟಕಿಯಿಂದ ದೂರ, ಗ್ಯಾರೇಜ್ ಬಾಗಿಲು ತೆಗೆದಿಟ್ಟು ಒಳಗಿಡ್ತೀನಿ ಅನ್ನೋದೂ ಬೇಡ. ಅದರ ಹೊಗೆಗೆ ವಾಸನೆ ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ, ಕಾರ್ಬನ್ ಮೊನಾಕ್ಸೈಡ್‌ಗಂತೂ ವಾಸನೆನೇ ಇಲ್ಲ.

ಸಣ್ಣನಿದ್ದೆ
@ಹಳೇಫೀಡರ್ ಸಾರ್ ಒಂದು ಸಹಾಯ. ಕಾನ್ಸನ್‌ಟ್ರೇಟರ್‌ಗೆ ಅಂತ 1000 ವ್ಯಾಟ್ ಅವರ್ ಬ್ಯಾಟರಿ ನೋಡಿದ್ದೀವಿ. ರಾತ್ರಿ ಪೂರ್ತಿ ಬರುತ್ತೆ ಅಂತ ಮಾರೋನು ಹೇಳ್ತಿದ್ದಾನೆ. ನಂಬ್ಬಹುದಾ?

ಹಳೇಫೀಡರ್
ಮಿಷಿನ್ ಹಿಂದೆ ಲೇಬಲ್ ಮೇಲೆ ಎಷ್ಟು ವ್ಯಾಟ್ ಅಂತ ಇದೆ ನೋಡಿ. ಮನೇಲಿಡೋ 5 ಲೀಟರ್ ಮಿಷಿನ್ ಸಾಮಾನ್ಯವಾಗಿ 300 ವ್ಯಾಟ್ ಹತ್ರ ಎಳೆಯುತ್ತೆ. 1000ನ 300ರಿಂದ ಭಾಗಿಸಿದ್ರೆ ಮೂರು ಗಂಟೆ ಚಿಲ್ಲರೆ, ಇನ್ವರ್ಟರ್‌ನಲ್ಲಿ ಹೋಗೋ ನಷ್ಟ ಕಳೆದ್ರೆ ಮೂರು ಗಂಟೆನೂ ಪೂರ್ತಿ ಬರಲ್ಲ. ರಾತ್ರಿ ಪೂರ್ತಿ ಅನ್ನೋದು ಸುಳ್ಳು. ಆದ್ರೂ ಬ್ಯಾಟರಿ ದಂಡ ಅಲ್ಲ ತಾಯಿ, ಇದ್ದಕ್ಕಿದ್ದಂಗೆ ಹೋದಾಗ ಗಾಬರಿ ಇಲ್ದೇ ಸಿಲಿಂಡರ್ ಹಾಕೋಕೆ ಟೈಮ್ ಕೊಡುತ್ತೆ. ರಾತ್ರಿ ಸಾಗಿಸೋದು ಸಿಲಿಂಡರ್ ಲೆಕ್ಕದಲ್ಲೇ. ಸಾಮಾನ್ಯವಾಗಿ ಕೊಡೋ ಇ ಸೈಜ್ ಸಿಲಿಂಡರ್ 2 ಲೀಟರ್ ಫ್ಲೋನಲ್ಲಿ ಐದು ಗಂಟೆ ಹತ್ರ ಬರುತ್ತೆ. ಅತ್ತೆಯವರ ಫ್ಲೋ ಎಷ್ಟೋ ಅದಕ್ಕೆ ಸರಿಯಾಗಿ ಎಷ್ಟು ಸಿಲಿಂಡರ್ ಬೇಕು ಅಂತ ಡಾಕ್ಟರನ್ನೂ ಸಪ್ಲೈ ಮಾಡೋರನ್ನೂ ಇವತ್ತೇ ಕೇಳಿ, ಎರಡು ದಿನದ ಲೆಕ್ಕ ಹಾಕಿ ಕೇಳಿ. ಆ ರೂಮಲ್ಲಿ ದೀಪ, ಬತ್ತಿ, ಸ್ಟವ್ ಯಾವುದೂ ಬೇಡ. ರೆಗ್ಯುಲೇಟರ್ ಈಗ್ಲೇ ಒಂದು ಸಿಲಿಂಡರ್‌ಗೆ ಕೂರಿಸಿಡಿ, ಎಕ್ಸ್‌ಟ್ರಾ ವಾಷರ್ ತರಿಸಿ ಅದರ ಕತ್ತಿಗೇ ದಾರದಲ್ಲಿ ಕಟ್ಟಿಡಿ.

ಸಣ್ಣನಿದ್ದೆ
ತುಂಬಾ ಥ್ಯಾಂಕ್ಸ್ ಸಾರ್. ಸಪ್ಲೈಯರ್‌ಗೆ ಈಗ್ಲೇ ಫೋನ್ ಮಾಡ್ತೀನಿ, ಕರೆಂಟ್ ಕಂಪನಿಗೆ ನಂಬರ್ ಬದಲಾಯಿಸೋಕೂ.